ರಟ್ಟಿನ ಅಟ್ಟೆಯ ಬೂಟು

ಬೆಜಾನ್ಸೋನ್
ಮಾರ್ಚ್ ೧೮೮೨

ಚಿತ್ರಕಾರ ಮೊಸ್ಯು ವೆರ್ದಿಯೆ ಅವರಿಗೆ ನಮಸ್ಕಾರಗಳು.

ನಮ್ಮೂರ ಪ್ರದರ್ಶನದಲ್ಲಿ ನಿಮ್ಮ ಯುದ್ಧದ ಚಿತ್ರ ನೋಡಿದೆವು. ನನ್ನ ಗಂಡ ಆನ್ಸೆಲ್ಮ್ ೧೮೭೧ರ ಆ ಚಳಿಗಾಲದ ಯುದ್ಧದಲ್ಲಿ ಕಾಲಾಳಾಗಿದ್ದವರು. ಹಿಮಕ್ಕೆ ನಾಲ್ಕು ಕಾಲ್ಬೆರಳು ಕಳೆದುಕೊಂಡು ಬಂದರು. ಬೇರೆ ಯುದ್ಧಚಿತ್ರಗಳ ಮುಂದೆಲ್ಲ, "ಇವನೇನು ಮದುವೆಗೆ ಹೊರಟಿದಾನಾ? ಕೋಟಿನ ಒಂದು ಗುಂಡೀನೂ ಕಿತ್ತುಹೋಗಿಲ್ಲ" ಎಂದು ನಗುತ್ತಿದ್ದರು. ನಿಮ್ಮದರ ಮುಂದೆ ಬಂದಾಗ ಟೋಪಿ ತೆಗೆದರು.

"ಚೀಲದ ಪಟ್ಟಿ ಸರಿಯಾಗಿದೆ, ಕೋಟಿನ ಅಂಚು ಹಿಂದಕ್ಕೆ ಸಿಕ್ಕಿಸಿರೋದೂ ಸರಿ. ಆ ಮೂರನೆಯವನ ಕಾಲು ನೋಡೇ. ರಟ್ಟಿನ ಅಟ್ಟೆ ಬಿಟ್ಕೊಂಡಿದೆ, ದಾರ ಕಟ್ಕೊಂಡಿದಾನೆ. ಇದನ್ನ ಬರೆದ ಪುಣ್ಯಾತ್ಮ ಏನನ್ನೂ ಬಿಟ್ಟಿಲ್ಲ ಕಣೇ" ಅಂದರು.

ಯುದ್ಧದಿಂದ ಮರಳಿದಾಗಲೂ ಅವರು ಇದನ್ನೇ ಹೇಳಿದ್ದರು: ಕೊಟ್ಟ ಬೂಟಿನ ಅಟ್ಟೆ ರಟ್ಟಿನದು, ಅದಕ್ಕೇ ಬೆರಳು ಹೋದವು ಎಂದು. ಎಲ್ಲರಿಗೂ ಗಟ್ಟಿ ಬೂಟು ಕೊಟ್ಟಿದ್ದೆವೆಂದು ಸೈನ್ಯದ ಕಚೇರಿಯವರು ಬರೆದರು. ಕುಡಿದು ಹಿಮದಲ್ಲಿ ಬಿದ್ದಿದ್ದನೆಂದು ಊರವರು ಆಡಿಕೊಂಡರು. ಕೊನೆಗೆ ನನ್ನವರು ಆ ಮಾತು ಎತ್ತುವುದನ್ನೇ ಬಿಟ್ಟರು.

ನಿಮ್ಮ ಚಿತ್ರದ ಆ ಮೂರನೆಯವನ ಕಾಲುಗಳದ್ದಷ್ಟೇ ಒಂದು ಪುಟ್ಟ ಪೆನ್ಸಿಲ್ ಚಿತ್ರ ಬರೆದುಕೊಡಲು ಸಾಧ್ಯವೇ? ದಯವಿಟ್ಟು ನನ್ನ ಹೆಸರಿಗೇ ಕಳಿಸಿ. ಅದನ್ನು ನಾನೇ ನನ್ನ ಕೈಯಾರೆ ಅವರಿಗೆ ಕೊಡಬೇಕು. ಹನ್ನೊಂದು ವರ್ಷ ನಾನೂ ಅವರನ್ನು ನಂಬಿರಲಿಲ್ಲ.

ನಿಮ್ಮ ಕುಂಚಕ್ಕೆ ಋಣಿಯಾದ
ಲೆಯೊಂತೀನ್ ಕುರ್ವೊಯಿ