ಕಾಶವ್ವ ಬರೆದ ಸುಳ್ಳು ಚಿತ್ರ

ಬಿಳಿಗಡ ದೇಶ
ಕರಗುಕಾಲದ ಎರಡನೇ ಹುಣ್ಣಿಮೆ, ಕ್ರಿ.ಶ. 2291

ಮಕ್ಕಳಿಗೆ ಚಿತ್ರಪುಸ್ತಕ ಮಾಡಿಕೊಡುವ ಹಿಂದಿನ ಕಾಲದ ಹಿರಿಯರಿಗೆ ಶಾಲೆಯ ಬಾಳವ್ವ ಮಮದಾಪುರ ಮಾಡುವ ಶರಣು.

ನೀವು ಇನ್ನೂ ಕಾಣದ ವರ್ಷದಿಂದ ಬರೆಯುತ್ತಿದ್ದೇನೆ. ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಮ್ಮ ಕನ್ನಡ ಮೂರು ತಲೆಮಾರು ಹಿಮದ ಮೇಲೆ ನಡೆದಿದೆ, ಒಂದೆರಡು ಕಡೆ ಜಾರಿರುತ್ತದೆ. ಬಿಳಿಗಡವೆಂದರೆ ಭೂಮಿಯ ಉತ್ತರದ ತುದಿಯಲ್ಲಿ ಹಿಮ ಕರಗಿ ಹೊರಬಿದ್ದ ನೆಲ. ಕೃಷ್ಣೆಯ ದಂಡೆ ಬದುಕಲಾಗದಷ್ಟು ಕಾದಾಗ ನಮ್ಮವರು ಇಲ್ಲಿಗೆ ಬಂದರು. ಇಲ್ಲಿ ಸಂಜೆಯೊಂದು ಎರಡು ತಿಂಗಳು ನಿಲ್ಲುತ್ತದೆ, ಅದಕ್ಕೆ ಉದ್ದಸಂಜೆ ಎನ್ನುತ್ತೇವೆ. ಆಗ ಜೋಳವನ್ನು ಬೆಳಕುಮನೆಯಲ್ಲಿ, ಎಂದರೆ ದೀಪವೇ ಬಿಸಿಲಾದ ಗಾಜಿನ ಮನೆಯಲ್ಲಿ, ಬೆಳೆಯುತ್ತೇವೆ. ರೊಟ್ಟಿಯನ್ನು ಮಾತ್ರ ಇವತ್ತಿಗೂ ಕೈಯಲ್ಲೇ ಬಡಿಯುತ್ತೇವೆ. ಯಂತ್ರವೊಂದು ಬಂದಿತ್ತು, ಅದರ ರೊಟ್ಟಿಯನ್ನು ನಾಯಿಯೂ ಮೂಸಲಿಲ್ಲ.

ವಿಷಯಕ್ಕೆ ಬರುತ್ತೇನೆ. ನನ್ನ ಅಜ್ಜಿ ಕಾಶವ್ವ ಮೊದಲ ಹಡಗಿನಲ್ಲಿ ಬಂದವಳು. ಹೊಸ ದೇಶ ಹೇಗಿರುತ್ತದೆಂದು ಹಡಗಿನ ಮಕ್ಕಳು ತಲೆ ತಿನ್ನುತ್ತಿದ್ದವು. ತಾನೂ ನೋಡಿರದ ದೇಶವನ್ನು ಅವಳು ಧೈರ್ಯವಾಗಿ ಬರೆದು ಒಂದು ಚಿತ್ರಪುಸ್ತಕವನ್ನೇ ಮಾಡಿದಳು. ಹಿಮವನ್ನು ಹತ್ತಿಯ ರಾಶಿಯಂತೆ ಬರೆದಳು. ಇಲ್ಲಿನ ಗಂಡಸರಿಗೆ ರುಮಾಲು ಸುತ್ತಿದಳು, ಹೆಂಗಸರಿಗೆ ಇಳಕಲ್ ಸೀರೆ ಉಡಿಸಿದಳು. ಕೊನೆಯ ಪುಟದಲ್ಲಿ ಅವರೆಲ್ಲ ಚೊಂಬಿನಲ್ಲಿ ನೀರು, ಅಂಗೈಯಲ್ಲಿ ಬೆಲ್ಲದ ಉಂಡೆ ಹಿಡಿದು ದಡದಲ್ಲಿ ಕಾಯುತ್ತಿದ್ದರು. ನೋಡದೆ ಹೀಗೆ ಬರೆಯಬಹುದೇ ಎಂದು ಯಾರೋ ಕೆಣಕಿದಾಗ ಅವಳು ಅಂದದ್ದು ಇಷ್ಟೆ: "ಬಂದವ್ರಿಗೆ ನೀರು ಬೆಲ್ಲ ಕೊಡಲಾರದ ಊರು ಎಲ್ಲ್ಯಾರ ಇರ್ತೈತೇನ?"

ಇತ್ತು. ಹಡಗು ತಲುಪಿದಾಗ ದಡದಲ್ಲಿ ಹಗ್ಗ ಕಟ್ಟಿತ್ತು. ಮೈಮೇಲೆ ಔಷಧಿ ಸಿಂಪಡಿಸಿ ದಿನಗಟ್ಟಲೆ ಹಗ್ಗದಾಚೆ ಕೂರಿಸಿದರು. ಊರಿನವರು ಕಿಟಕಿಯಿಂದ ನೋಡಿದರೇ ಹೊರತು ಒಬ್ಬರೂ ಕೆಳಗಿಳಿಯಲಿಲ್ಲ. ಚೊಂಬು ಹಿಡಿದವರು ಎಲ್ಲಿ ಎಂದು ಮಕ್ಕಳು ಪುಸ್ತಕ ತೆರೆದು ಕೇಳಿದವು. ಅಜ್ಜಿ ಸೋಲುವವಳಲ್ಲ. "ಅವ್ರೇನ್ ಮಾಡ್ಯಾರು ಪಾಪ, ಇನ್ನಾ ಪುಸ್ತಕ ಓದಿಲ್ಲ," ಅಂದಳಂತೆ.

ಹಗ್ಗ ಬಿಚ್ಚಿದ ಮೇಲೆ ಅವಳು ನೇರ ಇಲ್ಲಿನ ಶಾಲೆಗೆ ಹೋಗಿ ಆ ಪುಸ್ತಕ ಕೊಟ್ಟು ಬಂದಳು. ಚಿತ್ರಕ್ಕೆ ಭಾಷೆ ಬೇಕಿಲ್ಲವಲ್ಲ. ರುಮಾಲಿನ ಮಂದಿ ತಮ್ಮವರೇ ಎಂದು ತಿಳಿಯಲು ಇಲ್ಲಿನ ಮಕ್ಕಳಿಗೆ ಸ್ವಲ್ಪ ಕಾಲ ಹಿಡಿಯಿತು. ತಿಳಿದ ಮೇಲೆ ಅವರ ಮುಖ ಸಪ್ಪಗಾಯಿತಂತೆ. ಎರಡನೇ ಹಡಗು ಬಂದಾಗ ಆ ಮಕ್ಕಳು ದಡದಲ್ಲಿ ಸಾಲಾಗಿ ನಿಂತಿದ್ದರು, ಡಬ್ಬಿಗಳಲ್ಲಿ ನೀರು ಹಿಡಿದು. ಬೆಲ್ಲವನ್ನು ಅವರು ಕಂಡವರಲ್ಲ. ಚಿತ್ರದಲ್ಲಿದ್ದ ಕಂದು ಉಂಡೆ ಹೊಗೆಮೀನಿನ ತುಂಡೆಂದುಕೊಂಡು ಅದನ್ನೇ ತಂದಿದ್ದರು. ಹಡಗಿನಿಂದ ಮೊದಲು ಇಳಿದವಳು ಐನೋರ ಮನೆಯ ಮುದುಕಿ, ಈರುಳ್ಳಿಯನ್ನೂ ಮುಟ್ಟದವಳು. ಅವಳು ಆ ಮೀನನ್ನು ಕಣ್ಣಿಗೊತ್ತಿಕೊಂಡು ಸೆರಗಿನ ತುದಿಯಲ್ಲಿ ಕಟ್ಟಿಕೊಂಡಳು. ನಮ್ಮ ಜನದ ಬಗ್ಗೆ ನನಗಿರುವ ಹೆಮ್ಮೆಯಲ್ಲಿ ಅರ್ಧ ಅವಳದು.

ಈಗ ಈ ವರ್ಷದ ತಂಟೆ ಕೇಳಿ. ಶಾಲೆಗೆ ಯಾವ ಪುಸ್ತಕ ಸಲ್ಲುತ್ತದೆಂದು ತೀರ್ಮಾನಿಸುವ ಸಭೆಗೆ ಇಲ್ಲಿ ಒಪ್ಪುಮನೆ ಎನ್ನುತ್ತಾರೆ. ಕಾಶವ್ವನ ಕೊನೆಯ ಪುಟ ಸುಳ್ಳು, ಅದನ್ನು ಕಿತ್ತರಷ್ಟೇ ಪುಸ್ತಕ ಶಾಲೆಯಲ್ಲಿರಬಹುದು ಎಂದು ಆ ಸಭೆ ಹೇಳಿತು. ಹುಟ್ಟಿದಾಗಿನಿಂದ ಓದಿದ, ವರ್ಷ ವರ್ಷವೂ ನಾನೇ ಓದಿಸಿದ ಪುಟವದು. ನನಗೆ ಮೈ ಉರಿದುಹೋಯಿತು. ಆದರೆ ಎದ್ದು ನಿಂತವಳು ಹಾಗೇ ಕೂತೆ. ಅವರು ಹೇಳಿದ್ದು ನಿಜವೇ ಆಗಿತ್ತಲ್ಲ. ಆಗ ಹಿಂದಿನ ಬೆಂಚಿನಿಂದ ಓರ್ಮಾ ಎದ್ದಳು. ಅವಳು ಈ ನೆಲದವಳು, ಈಗ ಹಣ್ಣು ಮುದುಕಿ; ಅಂದು ಮೀನು ಹಿಡಿದು ನಿಂತ ಮಕ್ಕಳಲ್ಲಿ ಒಬ್ಬಳು. ನಮ್ಮ ಓಣಿಯಲ್ಲಿ ಆಡುತ್ತ ಕಲಿತ ಕನ್ನಡದಲ್ಲೇ ಹೇಳಿದಳು:

"ಸುಳ್ಳಲ್ರೀ ಅದು. ನಾವ್ ಬರೂದು ತಡಾ ಆತು, ಅಷ್ಟ."

ಪುಟ ಉಳಿಯಿತು.

ನನ್ನದೊಂದು ಕೇಳಿಕೆ. ಊರು ಬಿಟ್ಟು ಹೊಸ ದೇಶಕ್ಕೆ ಹೋಗುವ ಮಕ್ಕಳಿಗಾಗಿ ನೀವು ಪುಸ್ತಕ ಮಾಡುವಾಗ ಗಂಟುಮೂಟೆ, ಕಣ್ಣೀರು, ಹಡಗು ಎಲ್ಲವನ್ನೂ ಬರೆಯಿರಿ. ಜೊತೆಗೆ ದಡದಲ್ಲಿ ನಿಂತವರನ್ನೂ ಬರೆಯಿರಿ, ಅವರು ಈಗ ಇರುವುದಕ್ಕಿಂತ ಒಂದು ಕೈ ಮೇಲಾಗಿಯೇ ಬರೆಯಿರಿ. ಆ ಪುಸ್ತಕವನ್ನು ಅವರ ಮಕ್ಕಳೂ ಓದುತ್ತಾರೆ.