ನಾಲೆಯಲ್ಲಿ ಕಲಿತ ಈಜು

ಮದ್ದೂರು
5 ಫೆಬ್ರವರಿ 2026, ಗುರುವಾರ

ಮಂಜುಶ್ರೀಯ ಅಪ್ಪನವರಿಗೆ,

ವನಜಾ ಬರೆಯುತ್ತಿರುವುದು. ನಿಮ್ಮನ್ನು ಏನೆಂದು ಕರೆದು ಶುರು ಮಾಡಬೇಕೆಂದು ತಿಳಿಯದೆ ಮೇಲಿನ ಸಾಲು ಬರೆದೆ. ಅದರಲ್ಲಿ ಸುಳ್ಳೇನೂ ಇಲ್ಲ. ನಾನು ಚೆನ್ನಾಗಿದ್ದೇನೆ. ನಿಮ್ಮ ಮಂಡಿ ನೋವಿನ ಬಗ್ಗೆ ಕೇಳಿದರೆ ಉತ್ತರವನ್ನು ಮಗಳ ಬಾಯಲ್ಲಿ ಕಳಿಸುತ್ತೀರಿ, ಆದ್ದರಿಂದ ಅವಳನ್ನೇ ಕೇಳಿಕೊಂಡಿದ್ದೇನೆ.

ಫೋನ್ ಮಾಡಬಹುದಿತ್ತು. ಫೋನಿನಲ್ಲಿ ನೀವು ಎರಡು ಸಲ ಹೂಂ ಎಂದು, ಸ್ಪೀಕರ್ ಹಾಕಿ ಅತ್ತೆಯ ಮುಂದೆ ಇಟ್ಟುಬಿಡುತ್ತೀರಿ. ಅತ್ತೆ ನನ್ನನ್ನು ಊಟ ಆಯ್ತಾ ಎಂದು ವಿಚಾರಿಸಿ, ಆಮೇಲೆ ನಾನು ಮನೆ ಬಿಟ್ಟ ವಿಷಯಕ್ಕೆ ಬರುತ್ತಾರೆ. ಇದು ನೀವೊಬ್ಬರೇ ಕೂತು ಓದಬೇಕಾದ ವಿಷಯ.

ನಿನ್ನೆ ಸಂಜೆ ಮಂಜುಶ್ರೀಯ ಫೋನಿಗೆ ನಿಮ್ಮ ಧ್ವನಿಯಲ್ಲಿ ಒಂದು ಸಂದೇಶ ಬಂತು. "ನಾಲೆಗೆ ನೀರ್ ಬುಟ್ಟವ್ರೆ ಕಣ್ ಮಗ. ದಿನಾ ಬಾಳೆಹಣ್ಣು ತಿನ್ನು, ಇನ್ನೊಂದ್ಸಲ ಕಾಲ್ ನರ ಇಡ್ಕಳಾಕಿಲ್ಲ. ಸನಿವಾರ ಬಂದ್ಬುಡು, ಮುಂದಿನ್ ವರ್ಸಕ್ಕೆ ಈಗ್ಲೇ ಸುರು ಮಾಡವ." ಅವಳು ಅಡುಗೆಮನೆಯಲ್ಲಿ ನಿಂತು ಅದನ್ನು ಕೇಳಿದಳು, ಮತ್ತೆ ಹಾಕಿಕೊಂಡು ಕೇಳಿದಳು. ಮುದ್ದೆ ತಿರುಗಿಸುತ್ತಿದ್ದ ನನ್ನ ಕೈಯಿಂದ ಕೋಲು ತೆಗೆದುಕೊಂಡು ತಾನೇ ತಿರುಗಿಸಿದಳು.

ಅವಳಿಗೆ ಕಾಲಿನ ನರ ಹಿಡಿದುಕೊಂಡಿರಲಿಲ್ಲ. ಒಲಿಂಪಿಕ್ಸ್ ಶಿಬಿರಕ್ಕೆ ಆಯ್ಕೆ ಮಾಡುವ ಟ್ರಯಲ್ಸ್ ಮುಗಿದ ಸಂಜೆ ನಾನೇ ಫೋನಿನಲ್ಲಿ ನಿಮಗೆ ಹಾಗೆ ಹೇಳಿದೆ, ಅವಳು ಹೇಳಿಕೊಟ್ಟಂತೆ. ನಡೆದದ್ದನ್ನು ಈಗ ಬರೆಯುತ್ತೇನೆ.

ನೀವು ಅಲ್ಲಿಗೆ ಬರಲಿಲ್ಲ. ಬಸ್ ಡಿಪೋದಲ್ಲಿ ರಜೆ ಸಿಗಲಿಲ್ಲ ಎಂದಿರಿ. ಮಗಳು ಸೋಲುವುದನ್ನಾಗಲಿ ಗೆಲ್ಲುವುದನ್ನಾಗಲಿ ಎದುರು ನಿಂತು ನೋಡಲು ನಿಮಗೆ ಭಯ ಎಂದು ನಾನು ಅಂದುಕೊಂಡೆ. ಅಡೆತಡೆ ದಾಟುವ ಆ ಟಿ.ವಿ. ಸ್ಪರ್ಧೆಯ ಕೊನೆಯ ಸುತ್ತಿನ ದಿನವೂ ನೀವು ಪ್ರೇಕ್ಷಕರ ಸಾಲು ಬಿಟ್ಟು ಹೊರಗೆ ಜನರೇಟರ್ ಲಾರಿಯ ಹತ್ತಿರ ನಿಂತಿದ್ದಿರಿ, ಡ್ರೈವರ್ ಜೊತೆ ಡೀಸೆಲ್ ಬಗ್ಗೆ ಮಾತಾಡುತ್ತ. ಒಳಗೆ ಅವಳು ತಿರುಗುವ ಕೊರಡಿನಿಂದ ನೇತುಬಿಟ್ಟ ಬಳೆಗೆ, ಬಳೆಯಿಂದ ಗೋಡೆಗೆ ಹಾರುತ್ತಿದ್ದಳು. ಆ ಕಂತು ಪ್ರಸಾರವಾದ ಮಾರನೆ ದಿನ ಟೀ ಅಂಗಡಿಯಲ್ಲಿ ಚಿಕ್ಕಬೋರಯ್ಯ, "ಏನ್ಲಾ ಕೆಂಪರಾಜ, ನಿನ್ ಮಗಳು ಟಿವೀಲಿ ಬಾವ್ಲಿ ತರ ನೇತಾಕಂಡಿದ್ಲಲ್ಲಾ, ತಲೆ ಕೆಳಗಾಗೇ ಮುದ್ದೆ ತಿಂತಾಳಾ?" ಎಂದು ಕೇಳಿದರಂತೆ. ನೀವು ಸಿಟ್ಟಾಗದೆ ಅವರ ಟೀಗೂ ದುಡ್ಡು ಕೊಟ್ಟಿರಂತೆ. ಮಗಳು ಇದನ್ನು ಹೇಳುವಾಗ ನಿಮ್ಮ ಹಾಗೆಯೇ ತುಟಿಯ ಒಂದು ಕೊನೆಯಲ್ಲಿ ನಕ್ಕಳು.

ಗುಜರಿಗೆ ಹೋಗುವ ಬಸ್ಸಿನಿಂದ ತಂದ ಕಂಬಿಗಳನ್ನು ನೀವು ಹಿತ್ತಲಿನ ಎರಡು ಬೇವಿನ ಮರಗಳ ನಡುವೆ ಕಟ್ಟಿದಾಗ ನಾನು ಇನ್ನೂ ಆ ಮನೆಯಲ್ಲಿದ್ದೆ. ಆಗ ಜಗಳ ಆಡಿದ್ದೆ. ಆ ಕಂಬಿಗಳು ಅವಳನ್ನು ಅಷ್ಟು ದೂರ ಕರೆದೊಯ್ಯಬಹುದೆಂದು ನನಗೆ ಹೊಳೆದಿರಲಿಲ್ಲ. ಮುಂದೆ ನಾನು ಮದ್ದೂರಿಗೆ ಬಂದೆ. ಊರವರಿಗೆ ವರ್ಗಾವಣೆ ಎಂದು ಹೇಳಿದೆವು. ಅದು ಒಳ್ಳೆಯ ಪದ, ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ.

ಒಲಿಂಪಿಕ್ಸಿನಲ್ಲಿ ಐದು ಆಟ ಸೇರಿದ ಒಂದು ಸ್ಪರ್ಧೆ ಇದೆ, ಅದರಲ್ಲಿ ಕುದುರೆ ಸವಾರಿ ತೆಗೆದು ಅಡೆತಡೆ ಓಟ ಸೇರಿಸಿದ್ದಾರೆ ಎಂದು ಅವಳು ಓಡಿಬಂದು ಹೇಳಿದ ದಿನ ನೆನಪಿರಬೇಕು. ಓಟವೂ ಅಡೆತಡೆಯೂ ಅವಳಿಗೆ ಬರುತ್ತಿದ್ದವು. ಕತ್ತಿವರಸೆಯನ್ನೂ ಗುರಿ ಹೊಡೆಯುವುದನ್ನೂ ಬೆಂಗಳೂರಿಗೆ ಓಡಾಡಿ ಕಲಿತಳು. ಉಳಿದದ್ದು ಈಜು. ಅದನ್ನು ಯಾರೂ ಕಲಿಸಬೇಕಾಗಿಲ್ಲ ಎಂದಿರಿ, ಈಜು ನಮ್ಮ ಮನೆಯದು ಎಂದಿರಿ. ನಿಮ್ಮ ತಾತ ಲಿಂಗಯ್ಯನವರ ಕಾಲದಲ್ಲಿ ಊರ ಕೆರೆಕಟ್ಟೆಯ ಮೆಟ್ಟಿಲು ಇಳಿಯಲು ನಮ್ಮವರನ್ನು ಬಿಡುತ್ತಿರಲಿಲ್ಲ. ನಾಲೆ ಬಂತು. ನಾಲೆ ಸರ್ಕಾರದ್ದು, ಅದರೊಳಗೆ ಇಳಿಯಬೇಡ ಎನ್ನಲು ಯಾರಿಗೂ ಬಾಯಿರಲಿಲ್ಲ. ತಾತ ಅಲ್ಲಿ ಈಜಿದರು, ನಿಮ್ಮ ಅಪ್ಪ ಈಜಿದರು, ನೀವು ಈಜಿದಿರಿ. ಮೇಲಿನ ಸೇತುವೆಯಲ್ಲಿ ಧುಮುಕುವುದು, ಕೆಳಗಿನ ಸೇತುವೆಯಲ್ಲಿ ಕೈ ಹಿಡಿಸಿಕೊಂಡು ಏರುವುದು. ಮದುವೆಯಾದ ಹೊಸತರಲ್ಲಿ ಈ ಕಥೆ ಹೇಳುವಾಗ ನಿಮ್ಮ ಮುಖ ಹೇಗಿತ್ತೆಂದು ನನಗೆ ಗೊತ್ತು. ಅದಕ್ಕೇ ಮುಂದಿನದನ್ನು ಬರೆಯುವುದು ಕಷ್ಟವಾಗುತ್ತಿದೆ.

ಟ್ರಯಲ್ಸ್‌ನಲ್ಲಿ ಟಿ.ವಿ. ಸ್ಪರ್ಧೆಯವರು ಇನ್ನೂ ಕೆಲವರಿದ್ದರು. ಮದುವೆ ಮನೆಯಲ್ಲಿ ನೆಂಟರು ಸಿಕ್ಕಂತೆ ಒಬ್ಬರ ತೋಳು ಒಬ್ಬರು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಮಳವಳ್ಳಿ ಕಡೆಯ ಸ್ವರೂಪ್ ಇದ್ದ, ಕೊನೆಯ ಸುತ್ತಿನಲ್ಲಿ ಹಗ್ಗದಿಂದ ಬಿದ್ದನಲ್ಲ, ಅವನು. ಕತ್ತಿವರಸೆಯಲ್ಲಿ ಆಗಲೇ ಸೋತು ಬಂದಿದ್ದ. "ಕುದುರೆ ತಗ್ದು ನಮ್ಮುನ್ನ ಆಕವ್ರೆ ಕಣಕ್ಕ. ಕುದುರೆಗಾದ್ರೂ ಈಜು ಬತ್ತಿತ್ತು" ಎಂದ. ಎಲ್ಲರೂ ನಕ್ಕರು. ಮಂಜುಶ್ರೀ ನಗಲಿಲ್ಲ. ಅದನ್ನು ನಾನು ಆಗ ಗಮನಿಸಿದೆ, ಕಾರಣ ತಿಳಿಯಲಿಲ್ಲ.

ಅಡೆತಡೆಯಲ್ಲಿ ಅವಳೇ ಮೊದಲು. ಎರಡನೆಯವಳು ಇನ್ನೂ ಬಳೆಗಳಲ್ಲಿ ತೂಗಾಡುತ್ತಿದ್ದಾಗ ಇವಳು ಆಚೆ ನಿಂತು ಅಂಗೈಗೆ ಸುತ್ತಿದ್ದ ಬಟ್ಟೆ ಬಿಚ್ಚುತ್ತಿದ್ದಳು. ಈ ಭಾಗವನ್ನು ನೀವು ಬೇಕಾದಷ್ಟು ಸಲ ಓದಿಕೊಳ್ಳಿ. ಅದು ನಿಮ್ಮ ಬಸ್ಸಿನ ಕಂಬಿಗಳು.

ಮಧ್ಯಾಹ್ನ ಈಜು. ಇನ್ನೂರು ಮೀಟರ್. ಆ ಕೊಳದಲ್ಲಿ ನಾಲ್ಕು ಉದ್ದ, ಅಂದರೆ ಮೂರು ಸಲ ಗೋಡೆ ಮುಟ್ಟಿ ತಿರುಗಬೇಕು. ನಿಗದಿ ಮಾಡಿದ ಸಮಯದೊಳಗೆ ಮುಗಿಸಿದರೆ ಮಾತ್ರ ಮುಂದಿನ ಶಿಬಿರ. ನೀವು ಗಡಿಯಾರ ಹಿಡಿದು ಲೆಕ್ಕ ಹಾಕಿದಂತೆ ಆ ಸಮಯ ಅವಳಿಗೆ ಆಟ.

ಧುಮುಕಿದಾಗ ಚೆನ್ನಾಗಿಯೇ ಇದ್ದಳು. ಸ್ವಲ್ಪ ಹೊತ್ತಿಗೆ ಅವಳ ಮತ್ತು ನೀರಿನ ನಡುವೆ ಏನೋ ಒಪ್ಪಂದ ಮುರಿದುಬಿದ್ದಂತೆ ಕಂಡಿತು. ತೋಳು ಅದೇ, ವೇಗ ಮಾತ್ರ ಇಲ್ಲ. ನೀರು ಅಲ್ಲಾಡದೆ ಅವಳ ಮುಂದೆ ನಿಂತಿತ್ತು. ಅಕ್ಕಪಕ್ಕದವರು ಗೋಡೆ ಮುಟ್ಟಿ ಮಗುಚಿ ಹೊರಟಿದ್ದರು. ಇವಳು ಗೋಡೆಗೆ ಬಂದು ನಿಂತಳು. ನಿಂತು, ತಲೆಯೆತ್ತಿ, ಬಲಗೈಯನ್ನು ನೀರಿನಿಂದ ಮೇಲಕ್ಕೆ ಚಾಚಿದಳು.

ಮುಳುಗುತ್ತಿದ್ದಾಳೆಂದು ಕಾವಲಿನವನು ಓಡಿಬಂದ. ತೀರ್ಪುಗಾರರು ಎದ್ದು ನಿಂತರು. ಯಾಕೆ ಚಾಚಿದಳೆಂದು ಆ ಜಾಗದಲ್ಲಿ ಯಾರಿಗೂ ಗೊತ್ತಾಗಲಿಲ್ಲ, ನನಗೆ ಗೊತ್ತಾಯಿತು. ಕೆಳಗಿನ ಸೇತುವೆ ಬಂದಿತ್ತು. ನೀವು ಬಗ್ಗಿ ಕೈ ಕೊಡಬೇಕಿತ್ತು. ತಿರುಗಬೇಕೆಂಬ ನಿಯಮ ಅವಳಿಗೆ ತಿಳಿದಿತ್ತು, ಅವಳ ಕೈಗೆ ತಿಳಿದಿರಲಿಲ್ಲ.

ಆಮೇಲೆ ತಿರುಗಿದಳು, ಪೂರ್ತಿ ಮುಗಿಸಿದಳು. ಉಳಿದವರು ಟವೆಲ್ ಹೊದ್ದು ಕೂತ ಮೇಲೆ ಮುಗಿಸಿದಳು. ಕೈ ಯಾಕೆ ಎತ್ತಿದೆ ಎಂದು ಕೇಳಿದ್ದಕ್ಕೆ ಕಾಲಿನ ನರ ಎಂದಳು. ಆ ಸುಳ್ಳು ಹುಟ್ಟಿದ್ದು ಅಲ್ಲಿ.

ನಾನು ಪ್ರತಿ ವರ್ಷ ಹತ್ತನೆಯ ತರಗತಿಗೆ ದೋಣಿಯ ಲೆಕ್ಕ ಹೇಳಿಕೊಡುತ್ತೇನೆ. ನಿಶ್ಚಲ ನೀರಿನಲ್ಲಿ ದೋಣಿಯ ವೇಗ ಇಷ್ಟು, ಪ್ರವಾಹದ ವೇಗ ಇಷ್ಟು, ಎರಡನ್ನೂ ಕೂಡಿಸಿದರೆ ದೋಣಿ ಕೆಳಮುಖವಾಗಿ ಸಾಗುವ ವೇಗ. ನೀವು ಗಡಿಯಾರದಲ್ಲಿ ಹಿಡಿದದ್ದು ಕೂಡಿಸಿದ ವೇಗ. ನಾಲೆಯಲ್ಲಿ ಯಾರೂ ಎದುರು ಈಜುವುದಿಲ್ಲ, ನಮ್ಮ ಮನೆಯಲ್ಲಂತೂ ಮೂರು ತಲೆಮಾರಿನಿಂದ ಈಜಿಲ್ಲ. ನೀರು ಅವಳನ್ನು ಹೊತ್ತು ತರುತ್ತಿತ್ತು. ನಿಮಗೆ ಅದು ಹೊಳೆಯದಿದ್ದುದು ಹೇಗೆಂದು ನಾನು ಕೇಳುವುದಿಲ್ಲ. ನಮ್ಮನ್ನು ಹೊತ್ತ ನೀರು ಅದೊಂದೇ. ಅದನ್ನು ಕಳೆದು ಲೆಕ್ಕ ಹಾಕಬೇಕೆಂದು ಯಾರಿಗೆ ಅನಿಸುತ್ತದೆ?

ಸಂಜೆ ಅಲ್ಲಿಯ ತರಬೇತುದಾರೆ ನಮ್ಮನ್ನು ಹುಡುಕಿಕೊಂಡು ಬಂದರು. ಹಿಂದಿಯಲ್ಲಿ ಮಾತಾಡಿದರು, ಸ್ವರೂಪ್ ಕನ್ನಡಕ್ಕೆ ತಿರುಗಿಸಿದ. ಇಂಥ ಕೈಗಳು ಅಪರೂಪ, ಹುಡುಗಿಯನ್ನು ನನ್ನ ಹತ್ತಿರ ಬಿಡಿ, ಮುಂದಿನ ಟ್ರಯಲ್ಸ್‌ವರೆಗೆ ಕೊಳದಲ್ಲೇ ಇಟ್ಟು ಈಜನ್ನು ಮೊದಲಿನಿಂದ ಕಲಿಸುತ್ತೇನೆ, ಆದರೆ ಕಲಿತದ್ದನ್ನೆಲ್ಲ ಬಿಡಬೇಕು ಎಂದರು. ಭಾನುವಾರದೊಳಗೆ ತಿಳಿಸಬೇಕು. ನೀನು ಯಾಕೆ ಎಡಕ್ಕೆ ಮಾತ್ರ ಮುಖ ತಿರುಗಿಸಿ ಉಸಿರು ತೆಗೆದುಕೊಳ್ಳುತ್ತೀಯ ಎಂದೂ ಕೇಳಿದರು. ಅಭ್ಯಾಸ ಎಂದಳು ಇವಳು.

ರೈಲಿನಲ್ಲಿ ನಾನು ದೋಣಿಯ ಲೆಕ್ಕವನ್ನು ಅವಳಿಗೆ ವಿವರಿಸಲು ಹೊರಟೆ. ಅವಳು ಕಿಟಕಿಯ ಕಡೆ ನೋಡುತ್ತ, "ಗೊತ್ತು ಕಣಮ್ಮ" ಎಂದಳು. ಡಿಸೆಂಬರಿನಲ್ಲಿ ನಾಲೆಗೆ ನೀರು ನಿಲ್ಲಿಸಿದ ಮಾರನೆ ದಿನ, ಎದೆಮಟ್ಟ ನಿಂತಿದ್ದ ನೀರಿನಲ್ಲಿ ಒಬ್ಬಳೇ ಇಳಿದು ಈ ಸೇತುವೆಯಿಂದ ಆ ಸೇತುವೆಗೆ ಈಜಿ ನೋಡಿದ್ದಳಂತೆ. ಅವತ್ತೇ ತಿಳಿಯಿತಂತೆ. ಅಪ್ಪನಿಗೆ ಹೇಳಬೇಕಿತ್ತಲ್ಲ ಎಂದೆ. "ಎಂಗೇಳ್ಳಿ? ಆ ಗಡಿಯಾರ ನೋಡ್ದಾಗ ಅಪ್ಪ ನಗೋರು. ನೀನು ಮನೆ ಬುಟ್ಟೋದ್ ಮ್ಯಾಲೆ ಅಪ್ಪ ನಕ್ಕಿದ್ದು ಅದೊಂದ್ಕೇ ಕಣಮ್ಮ" ಎಂದಳು.

ಹೀಗೆ ಅವಳು ಸೋಲುತ್ತೇನೆಂದು ತಿಳಿದೇ ಅಲ್ಲಿಗೆ ಬಂದಿದ್ದಳು. ಈಗ ಕೊಳಕ್ಕೆ ಹೋಗುವುದಿಲ್ಲ ಎನ್ನುತ್ತಾಳೆ. ಹೋದರೆ ನಿಮಗೆ ಕಾರಣ ಹೇಳಬೇಕಾಗುತ್ತದೆ, ನಾಲೆಯ ಈಜು ಈಜಲ್ಲ ಎನ್ನಬೇಕಾಗುತ್ತದೆ. ಅದಕ್ಕಿಂತ ಒಲಿಂಪಿಕ್ಸ್ ಬಿಡುವುದು ಅವಳಿಗೆ ಹಗುರ. ಆ ಟಿ.ವಿ. ಸ್ಪರ್ಧೆಯವರು ಒಂದು ಕೆಲಸ ಕೊಡುತ್ತಿದ್ದಾರೆ. ಸ್ಪರ್ಧಿಗಳು ಬರುವ ಮೊದಲು ಹೊಸ ಅಡೆತಡೆಗಳನ್ನು ಹತ್ತಿ, ಜೋತುಬಿದ್ದು, ಯಾವುದು ಮುರಿಯುತ್ತದೆ ಯಾವುದು ತಡೆಯುತ್ತದೆ ಎಂದು ಹೇಳುವ ಕೆಲಸ. ಆಗ ಕ್ಯಾಮೆರಾ ಇರುವುದಿಲ್ಲ. ಸೋಮವಾರ ಹೊರಡುತ್ತೇನೆ ಎನ್ನುತ್ತಾಳೆ. ಮೊನ್ನೆಯಿಂದ ಬಟ್ಟೆ ಮಡಿಸುತ್ತಿದ್ದಾಳೆ.

ನಾನು ಕೇಳುವುದು ಇಷ್ಟೇ. ಪತ್ರ ನಾಳೆ ನಿಮ್ಮ ಕೈ ಸೇರಬಹುದು. ಶನಿವಾರ ನಾಲೆಯ ಹತ್ತಿರ ಕಾಯಬೇಡಿ. ಮದ್ದೂರಿಗೆ ಬನ್ನಿ. ಬಂದು, ನಾಲೆ ಸಾಕು ಮಗ, ಕೊಳಕ್ಕೆ ಹೋಗು ಎಂದು ನೀವೇ, ನಿಮಗೇ ತೋಚಿದಂತೆ ಹೇಳಿ. ನಾನು ಬರೆದೆನೆಂದು ಹೇಳಬೇಡಿ. ನನ್ನ ಮಾತಿಗೆ ಅವಳು ಹೋಗುವುದಿಲ್ಲ, ನಿಮ್ಮದಕ್ಕೆ ಹೋಗುತ್ತಾಳೆ. ನಾನು ಆ ಹೊತ್ತಿಗೆ ಶಾಲೆಯಲ್ಲಿರುತ್ತೇನೆ, ಬಾಗಿಲು ತೆರೆಯುವುದು ಅವಳೇ. ನಮ್ಮಿಬ್ಬರ ವಿಷಯ ಇದರೊಳಗೆ ಇಲ್ಲ.

ಮಂಡಿಗೆ ಬಿಸಿ ನೀರಿನ ಶಾಖ ಕೊಡುತ್ತಿದ್ದೀರಂತೆ. ಬಿಡಬೇಡಿ.

ಇಂತಿ,
ಅವಳ ಅಮ್ಮ
ವನಜಾ

ಉಳಿದ ಮಾತು: ಇದು ಸೋಮವಾರ ಮಧ್ಯಾಹ್ನ ಸೇರಿಸುತ್ತಿರುವುದು. ಪತ್ರ ಇಲ್ಲಿಯವರೆಗೆ ನನ್ನ ಚೀಲದಲ್ಲೇ ಇತ್ತು. ಅಂಚೆ ಡಬ್ಬಿ ಶಾಲೆಯ ಗೇಟಿನ ಪಕ್ಕದಲ್ಲಿದೆ, ದೂರವಿತ್ತು ಎನ್ನಲಾರೆ. ಆ ಕೊಳದ ಊರಿಗೆ ಹೋದರೆ ಅವಳು ವರ್ಷಕ್ಕೊಮ್ಮೆ ಬರುತ್ತಾಳೆ, ಟಿ.ವಿ.ಯವರ ಹತ್ತಿರ ಹೋದರೆ ಬಿಡುವಾದಾಗಲೆಲ್ಲ ಮದ್ದೂರಿಗೆ ಬರುತ್ತಾಳೆ. ಈ ಲೆಕ್ಕವನ್ನು ನಾನು ಮಾಡಿದೆನೋ ಇಲ್ಲವೋ, ನನಗೇ ಸರಿಯಾಗಿ ಗೊತ್ತಿಲ್ಲ. ಶನಿವಾರ ನೀವು ಬಿಸಿಲೇರುವವರೆಗೂ ಸೇತುವೆಯ ಮೇಲೆ ಕೂತಿದ್ದಿರೆಂದು ಅತ್ತೆ ಫೋನಿನಲ್ಲಿ ಹೇಳಿದರು. ಇವತ್ತು ಬೆಳಿಗ್ಗೆ ಟಿ.ವಿ.ಯವರ ಕೆಲಸಕ್ಕೆ ಹೊರಟ ಅವಳನ್ನು ಬಸ್ಸು ಹತ್ತಿಸಿದೆ. ಬಸ್ಸು ಬರುವ ಮುಂಚೆ, ಎಡಕ್ಕೇ ಯಾಕೆ ಉಸಿರು ತೆಗೆದುಕೊಳ್ಳುತ್ತಿದ್ದೆ ಎಂದು ಕೇಳಿದೆ. "ಆ ದಡದಲ್ಲಿ ಅಪ್ಪ ಗಡಿಯಾರ ಇಡ್ಕಂಡ್ ನನ್ ಜೊತೇಲೇ ನಡ್ಕಂಡ್ ಬರೋರು ಕಣಮ್ಮ. ಉಸ್ರು ತಕ್ಕಂಡಾಗೆಲ್ಲ ಕಾಣೋರು" ಎಂದಳು.