ಅಪ್ಪನ ಗೀಟುಗಳು

ಕುಮಾಸಿ, ಬುಧವಾರ

ಪ್ರೀತಿಯ ಅಪ್ಪ,

ನಮ್ಮ ಕೋಚ್‌ಗೆ ಕೊಡು ಅಂತ ನೀನು ಕಳಿಸಿದ ದೂರಿನ ಕಾಗದ ನನ್ನ ಪೆಟ್ಟಿಗೆಯಲ್ಲೇ ಇದೆ. ಕೊಡುವುದಿಲ್ಲ, ಬೈಯಬೇಡ.

ಹೋದ ಶನಿವಾರ ನಾನು ಇಪ್ಪತ್ತೊಂದು ಸಲ ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಮುಂದೆ ಹೋದೆ, ಡುಫಿ ಆರೇ ಸಲ. ಸಲಕ್ಕೊಂದರಂತೆ ನೀನು ಪುಸ್ತಕದಲ್ಲಿ ಎಳೆದ ಗೀಟುಗಳು ಸರಿಯಾಗಿಯೇ ಇವೆ. ಆದರೆ ನಾನು ಆಡುವುದು ನಮ್ಮ ಗೋಲಿನ ಹತ್ತಿರ. ಅಲ್ಲಿ ನನ್ನನ್ನು ತಡೆಯಲು ಯಾರೂ ಬರುವುದಿಲ್ಲ, ಹತ್ತು ಹೆಜ್ಜೆ ಆರಾಮಾಗಿ ಹೋದರೂ ಒಂದು ಗೀಟು. ಡುಫಿಗೆ ಚೆಂಡು ಸಿಗುವುದು ಎದುರಾಳಿಗಳ ಗೋಲಿನ ಮುಂದೆ, ಇಬ್ಬರು ಅವಳ ಮೈಮೇಲೆ ಬಿದ್ದಿರುವಾಗ. ಅಲ್ಲಿ ಹತ್ತು ಹೆಜ್ಜೆ ಹೋದರೂ ಒಂದೇ ಗೀಟು. ಗಿರಾಕಿಯ ಮೈಯಳತೆ ನೋಡದೆ, ಬಟ್ಟೆ ಇಷ್ಟು ಗಜ ಇದೆ ಅಂದಮಾತ್ರಕ್ಕೆ ನೀನು ಕತ್ತರಿ ಹಾಕುತ್ತೀಯಾ?

ರಾಷ್ಟ್ರೀಯ ಶಿಬಿರಕ್ಕೆ ನನ್ನನ್ನು ಬಿಟ್ಟು ಅವಳನ್ನು ಆರಿಸಿದ್ದು ಸರಿ. ಎರಡು ದಿನ ಅತ್ತೆ. ಈಗ ಮೆಕ್ಕೆಜೋಳದ ಕೆಂಕಿ, ಮೀನು ಎರಡೂ ಗಂಟಲಲ್ಲಿ ಇಳಿಯುತ್ತಿವೆ.

ನಿನ್ನ ಪುಸ್ತಕದ ವಿಷಯ ಕೇಳಿ ಡುಫಿ ನಕ್ಕಳು. "ನಿಮ್ಮಪ್ಪ ಆಟ ಎಲ್ಲಿ ನೋಡ್ತಾರೆ ಕಣೇ, ಗೀಟು ಎಳೀತಾ ಕೂತಿರ್ತಾರೆ." ಆಮೇಲೆ ಬೂಟಿನ ದಾರ ಕಟ್ಟುತ್ತಾ, "ಆದ್ರೂ ಬರ್ತಾರಲ್ಲ," ಅಂದಳು.

ಈ ಶನಿವಾರ ಶಿಬಿರಕ್ಕೆ ಹೋಗುವ ಮುಂಚಿನ ಅವಳ ಕೊನೆಯ ಪಂದ್ಯ. ಬೆಳಗಿನ ಟ್ರೋಟ್ರೋ ವ್ಯಾನು ಹಿಡಿದು ಬಾ, ಬಿಸಿಲಿಗೆ ಟೋಪಿ ಹಾಕಿಕೋ, ಪುಸ್ತಕ ಮರೆಯಬೇಡ. ಹೋದ ಸಲ ಅವಳದನ್ನು ಎಣಿಸಿದ್ದು ನನಗೋಸ್ಕರ. ಈ ಸಲ ಅವಳಿಗೋಸ್ಕರ ಎಣಿಸು. ಅವಳ ಕಡೆಯಿಂದ ಯಾರೂ ಬರುವುದಿಲ್ಲ.

ನಿನ್ನ
ಸೆರ್ವಾ